ಕ್ರಿಸ್ತಜಯಂತಿಯ ಗೀತೆಗಾರ ವಂದನೀಯ ಜೋಸೆಫ್ ಮೋರ್

ಕ್ರಿಸ್ತಜಯಂತಿಯ ನಡುರಾತ್ರಿ. ದೇವಾಲಯದ ಗಂಟೆಗಳು ಮೊಳಗಿ ನಿಂತಿವೆ. ಮಾಗಿಯ ಚಳಿಗೆ ಶಾಲು ಹೊದ್ದು ಬಂದ ಹಿರಿಯರು, ತಾಯಂದಿರ ಮಡಿಲಲ್ಲಿ ನಿದ್ದೆಗಣ್ಣು ತಿಕ್ಕಿಕೊಳ್ಳುವ ಮಕ್ಕಳು, ಹೊಸ ಉಡುಪು ತೊಟ್ಟ ಯುವಕಯುವತಿಯರು, ಎಲ್ಲರ ದೃಷ್ಟಿಯೂ ಗೋದಲಿಯ ಕಡೆಗೆ. ಗುರುಗಳು ಬಾಲಯೇಸುವಿನ ಸ್ವರೂಪವನ್ನು ತಂದು ಹುಲ್ಲುಹಾಸಿನ ಮೇಲೆ ಮಲಗಿಸುತ್ತಾರೆ. ಆಗ ಗಾಯನವೃಂದದಿಂದ ಜೋಗುಳದಂತೆ ಮೆಲ್ಲನೆ ಒಂದು ರಾಗ ಏಳುತ್ತದೆ. ಅದನ್ನು ಅರಿಯದ ಕ್ರೈಸ್ತರಿಲ್ಲ. ಮೂಲ ಜರ್ಮನ್ ಭಾಷೆಯಲ್ಲಿ ಸ್ಟಿಲೆ ನಾಖ್ಟ್ ಎಂದೂ ಇಂಗ್ಲಿಷಿನಲ್ಲಿ ಸೈಲೆಂಟ್ ನೈಟ್ ಎಂದೂ ಹೆಸರಾದ ಆ ಗೀತೆ ಕನ್ನಡ, ಕೊಂಕಣಿ, ತಮಿಳು ಮೊದಲಾದ ನಮ್ಮ ನಾಡಿನ ನುಡಿಗಳಿಗೂ ಬಂದು ನೆಲೆಸಿದೆ. ಇಂದು ಅದು 300ಕ್ಕೂ ಹೆಚ್ಚು ಭಾಷೆ, ಉಪಭಾಷೆಗಳಲ್ಲಿ ಹಾಡಲ್ಪಡುತ್ತಿದೆ.

ಇಂತಹ ಗೀತೆಯ ಸಾಹಿತ್ಯವನ್ನು ರಚಿಸಿದವರು ಅರಮನೆಯ ಕವಿಗಳಲ್ಲ, ಮಹಾನಗರದ ಸಂಗೀತ ವಿದ್ವಾಂಸರಲ್ಲ. ಆಸ್ಟ್ರಿಯಾ ದೇಶದ ಒಂದು ಹೊಳೆದಂಡೆಯ ಊರಿನಲ್ಲಿ ಸಹಾಯಕ ಗುರುಗಳಾಗಿದ್ದ, ಬಡತನವನ್ನೇ ಉಂಡು ಬೆಳೆದ, 26 ವರ್ಷದ ಯುವ ಯಾಜಕರು ವಂದನೀಯ ಜೋಸೆಫ್ ಮೋರ್. ನಮ್ಮ ದೇವಾಲಯದ ಶತಮಾನೋತ್ಸವದ ಈ ಸಂದರ್ಭದಲ್ಲಿ ಅವರ ಜೀವನವನ್ನು ಸ್ಮರಿಸುವುದಕ್ಕೆ ವಿಶೇಷ ಕಾರಣವೊಂದಿದೆ. ಆ ಗೀತೆ ಮೊಟ್ಟಮೊದಲು ಕೇಳಿಬಂದ ದೇವಾಲಯ ಇಂದು ನಿಂತಿಲ್ಲ. ಅಲ್ಲಿ ನುಡಿಸಿದ ವಾದ್ಯವೊಂದು ಉಳಿದಿದೆ. ಅಲ್ಲಿ ಹುಟ್ಟಿದ ಹಾಡು ಜಗತ್ತನ್ನೇ ತುಂಬಿದೆ. ಕಲ್ಲುಗಾರೆಗಳು ಅಳಿದ ಮೇಲೂ ಒಂದು ಧರ್ಮಕೇಂದ್ರದ ಆರಾಧನೆ ಹೇಗೆ ಬದುಕಿ ಉಳಿಯಬಲ್ಲದೆಂಬುದಕ್ಕೆ ಈ ಗುರುವಿನ ಬಾಳು ಸಾಕ್ಷಿಯಾಗಿದೆ.

ಜನನ ಮತ್ತು ಬಾಲ್ಯ

ಜೋಸೆಫ್ ಮೋರ್ ಅವರು 1792ನೆಯ ಇಸವಿ ಡಿಸೆಂಬರ್ 11ರಂದು ಸಾಲ್ಜ್‌ಬರ್ಗ್ ನಗರದಲ್ಲಿ ಜನಿಸಿದರು. ಸಂಗೀತ ಲೋಕದ ಮಹಾಪುರುಷ ಮೊಜಾರ್ಟ್ ಜನಿಸಿದ್ದೂ ಇದೇ ನಗರದಲ್ಲಿ, 1756ರಲ್ಲಿ. ಆದರೆ ಆ ಮನೆಗೂ ಈ ಮನೆಗೂ ಅಜಗಜಾಂತರ. ಜೋಸೆಫನ ತಾಯಿ ಆನಾ ಷೋಯಿಬರ್ ಕಾಲುಚೀಲ ಹೆಣೆದು ಹೊಟ್ಟೆ ಹೊರೆಯುತ್ತಿದ್ದ ಬಡ ಹೆಂಗಸು. ತಂದೆ ಫ್ರಾನ್ಸ್ ಮೋರ್ ಒಬ್ಬ ಸಿಪಾಯಿ. ಆತ ದಂಡನ್ನು ಬಿಟ್ಟು ಓಡಿಹೋದವನು. ಮಗು ಹುಟ್ಟುವ ಮೊದಲೇ ತಾಯಿಯನ್ನೂ ತೊರೆದಿದ್ದನು. ಅವರಿಬ್ಬರಿಗೂ ವಿವಾಹವಾಗಿರಲಿಲ್ಲ.

ವಿವಾಹಬಾಹಿರವಾಗಿ ಹುಟ್ಟಿದ ಕೂಸಿಗೆ ಅಂದಿನ ಸಮಾಜದಲ್ಲಿ ಮರ್ಯಾದೆಯ ಸ್ಥಾನವಿರಲಿಲ್ಲ. ಅಂತಹ ಮಗುವಿಗೆ ಜ್ಞಾನತಂದೆಯಾಗಲು ಯಾರು ತಾನೆ ಮುಂದೆ ಬಂದಾರು? ಬಂದವನು ಆ ನಗರದ ಗಲ್ಲಿಗೇರಿಸುವ ಕೊಲೆಗಾರ, ಫ್ರಾನ್ಸ್ ಜೋಸೆಫ್ ವೋಲ್‌ಮೂತ್. ಸರ್ಕಾರದ ಆಜ್ಞೆಯಂತೆ ಮರಣದಂಡನೆಯನ್ನು ನೆರವೇರಿಸುತ್ತಿದ್ದ ಅವನನ್ನೂ ಜನ ದೂರವೇ ಇಟ್ಟಿದ್ದರು. ಹೀಗೆ ಸಮಾಜ ಹೊರಗಿಟ್ಟ ಒಬ್ಬನು ಸಮಾಜ ಹೊರಗಿಟ್ಟ ಇನ್ನೊಂದು ಜೀವಕ್ಕೆ ಜ್ಞಾನಸ್ನಾನದಲ್ಲಿ ಆಸರೆಯಾದನು. ಛತ್ರದಲ್ಲಿ ಸ್ಥಳ ದೊರೆಯದೆ ಗೋದಲಿಯಲ್ಲಿ ಮಲಗಿದ ಬಾಲಯೇಸುವನ್ನು ಮುಂದೆ ಹಾಡಿ ಹೊಗಳಬೇಕಾಗಿದ್ದ ಮಗು ಲೋಕಕ್ಕೆ ಬಂದ ಬಗೆ ಇದು.

ದೇವರು ಒಂದು ಬಾಗಿಲನ್ನು ಮುಚ್ಚಿದರೆ ಮತ್ತೊಂದನ್ನು ತೆರೆಯುತ್ತಾನೆ ಎಂಬುದು ನಮ್ಮ ಹಿರಿಯರ ಅನುಭವ. ಬಾಲಕನ ಇಂಪಾದ ಕಂಠವೂ ಚುರುಕು ಬುದ್ಧಿಯೂ ಪ್ರಧಾನಾಲಯದ ಸಂಗೀತವನ್ನು ನೋಡಿಕೊಳ್ಳುತ್ತಿದ್ದ ವಂದನೀಯ ಯೋಹಾನ್ ನೆಪೊಮುಕ್ ಹೀರ್ನ್ಲೆ ಎಂಬ ಗುರುಗಳ ಗಮನಕ್ಕೆ ಬಂದವು. ಅವರು ತಂದೆಯಿಲ್ಲದ ಆ ಹುಡುಗನನ್ನು ಮಗನಂತೆ ಕಂಡು ವಿದ್ಯಾಭ್ಯಾಸಕ್ಕೆ ಏರ್ಪಾಟು ಮಾಡಿದರು. ಜೋಸೆಫನು ಗಾಯನವೃಂದದಲ್ಲಿ ಹಾಡಿದನು, ಪಿಟೀಲು ನುಡಿಸಿದನು, ಗಿಟಾರನ್ನೂ ಕಲಿತನು. 1808ರಿಂದ 1810ರವರೆಗೆ ಕ್ರೆಮ್ಸ್‌ಮ್ಯೂನ್‌ಸ್ಟರ್ ಎಂಬಲ್ಲಿನ ಬೆನೆಡಿಕ್ಟೀನ್ ಮಠದ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, 1811ರಲ್ಲಿ ಸಾಲ್ಜ್‌ಬರ್ಗಿನ ಗುರುಮಠವನ್ನು ಸೇರಿದನು. ಒಬ್ಬ ಗುರುವಿನ ಮನೆಯ ಅನ್ನ, ಒಂದು ಗಾಯನವೃಂದದ ಸಹವಾಸ, ಇವೆರಡು ಸೇರಿ ಬೀದಿಪಾಲಾಗಬಹುದಾಗಿದ್ದ ಬಾಲಕನನ್ನು ಪೀಠದ ಹತ್ತಿರಕ್ಕೆ ಕರೆತಂದವು.

ಗುರುದೀಕ್ಷೆ ಮತ್ತು ಮೊದಲ ಸೇವೆ

ಅಂದಿನ ಧರ್ಮಸಭೆಯ ನಿಯಮದಂತೆ ವಿವಾಹಬಾಹಿರವಾಗಿ ಜನಿಸಿದವರು ಗುರುಪಟ್ಟ ಪಡೆಯಲು ವಿಶೇಷ ವಿನಾಯಿತಿ ಬೇಕಾಗಿದ್ದಿತು. ಆ ವಿನಾಯಿತಿಯನ್ನು ಪಡೆದು 1815ರ ಆಗಸ್ಟ್ 21ರಂದು ಜೋಸೆಫ್ ಮೋರ್ ಅವರು ಗುರುದೀಕ್ಷೆ ಸ್ವೀಕರಿಸಿದರು. ಆಗ ಅವರಿಗೆ 22 ವರ್ಷ. ಅದೇ ವರ್ಷ ಅವರನ್ನು ಮರಿಯಾಪ್ಫಾರ್ ಎಂಬ ಬೆಟ್ಟಸೀಮೆಯ ಊರಿಗೆ ಸಹಾಯಕ ಗುರುಗಳನ್ನಾಗಿ ಕಳುಹಿಸಲಾಯಿತು. ವಿಚಿತ್ರವೆಂದರೆ ತೊರೆದುಹೋದ ತಂದೆಯ ಪೂರ್ವಿಕರ ಊರೂ ಅದೇ ಆಗಿತ್ತು.

ಕಾಲ ಬಹಳ ಕೆಟ್ಟದ್ದಾಗಿತ್ತು. ನೆಪೋಲಿಯನ್ನನ ಯುದ್ಧಗಳು ಆಗತಾನೆ ಮುಗಿದಿದ್ದವು. ಶತಮಾನಗಳ ಕಾಲ ಮಹಾಧರ್ಮಾಧ್ಯಕ್ಷರೇ ಅರಸರಾಗಿ ಆಳಿದ್ದ ಸಾಲ್ಜ್‌ಬರ್ಗ್ ಸೀಮೆ 1803ರಲ್ಲಿ ಆ ಆಳ್ವಿಕೆಯನ್ನು ಕಳೆದುಕೊಂಡು, ಕೈಯಿಂದ ಕೈಗೆ ಬದಲಾಗಿ, 1816ರಲ್ಲಿ ಆಸ್ಟ್ರಿಯಾಕ್ಕೆ ಸೇರಿತು. ದಂಡುಗಳು ಬಂದುಹೋದ ಹಳ್ಳಿಗಳು ಬರಿದಾಗಿದ್ದವು. ಇದರ ಮೇಲೆ ಪ್ರಕೃತಿಯೂ ಮುನಿಯಿತು. 1815ರ ಏಪ್ರಿಲಿನಲ್ಲಿ ದೂರದ ಇಂಡೋನೇಷಿಯಾದ ತಂಬೋರಾ ಎಂಬ ಜ್ವಾಲಾಮುಖಿ ಸಿಡಿದು ಚಿಮ್ಮಿದ ಧೂಳು ಆಕಾಶವನ್ನು ಆವರಿಸಿದ್ದರಿಂದ 1816ರಲ್ಲಿ ಯೂರೋಪಿನ ಬಹುಭಾಗಕ್ಕೆ ಬೇಸಿಗೆಯೇ ಬರಲಿಲ್ಲ. ಬೆಳೆ ಕೈಕೊಟ್ಟಿತು; ಹಸಿವು ಮನೆಮನೆಯ ಬಾಗಿಲು ತಟ್ಟಿತು.

ಅದೇ 1816ರಲ್ಲಿ, ಮರಿಯಾಪ್ಫಾರಿನಲ್ಲಿ, ಮೋರ್ ಅವರು ಆರು ಚರಣಗಳ ಒಂದು ಕ್ರಿಸ್ತಜಯಂತಿ ಕವಿತೆಯನ್ನು ಬರೆದರು. ನಾವು ಸಾಮಾನ್ಯವಾಗಿ ಹಾಡುವುದು ಅದರ ಮೂರು ಚರಣಗಳನ್ನು ಮಾತ್ರ. ಬಿಟ್ಟುಹೋದ ಚರಣಗಳಲ್ಲಿ ಒಂದರ ಭಾವ ಇಂದಿಗೂ ಮನನೀಯವಾಗಿದೆ. ಬಾಲಯೇಸು ಲೋಕದ ಜನಾಂಗಗಳನ್ನೆಲ್ಲ ಸಹೋದರನಂತೆ ಅಪ್ಪಿಕೊಳ್ಳುವನೆಂದು ಕವಿ ಅಲ್ಲಿ ಕಂಡಿದ್ದಾರೆ. ಜನಾಂಗಗಳು ಪರಸ್ಪರ ಕಡಿದಾಡಿ ಸುಸ್ತಾದ ವರ್ಷದಲ್ಲಿ, ತಂದೆಯ ಅಪ್ಪುಗೆಯನ್ನೇ ಅರಿಯದ ಒಬ್ಬ ಗುರು ಈ ಮಾತನ್ನು ಬರೆದರೆಂಬುದನ್ನು ನೆನೆದರೆ ಆ ಸಾಲುಗಳ ತೂಕ ತಿಳಿಯುತ್ತದೆ. ಕವಿತೆಯಾದರೋ ಎರಡು ವರ್ಷ ರಾಗವಿಲ್ಲದೆ ಅವರ ಬಳಿಯೇ ಉಳಿಯಿತು.

ಬೆಟ್ಟದ ಕಠಿಣ ಹವೆ ಮೋರ್ ಅವರ ದುರ್ಬಲ ಶ್ವಾಸಕೋಶಗಳಿಗೆ ಒಗ್ಗಲಿಲ್ಲ. 1817ರಲ್ಲಿ ಅವರು ಸಾಲ್ಜ್‌ಬರ್ಗಿನ ಆಸ್ಪತ್ರೆಗೆ ಸೇರಬೇಕಾಯಿತು. ಚೇತರಿಸಿಕೊಂಡ ಬಳಿಕ ಅದೇ ವರ್ಷ ಅವರನ್ನು ಒಬರ್ನ್‌ಡಾರ್ಫ್ ಎಂಬ ಊರಿನ ಸಂತ ನಿಕೋಲಸರ ದೇವಾಲಯಕ್ಕೆ ಸಹಾಯಕ ಗುರುಗಳಾಗಿ ನೇಮಿಸಲಾಯಿತು.

ಹೊಳೆದಂಡೆಯ ದೇವಾಲಯ

ಒಬರ್ನ್‌ಡಾರ್ಫ್ ಸಾಲ್ಜಾಖ್ ನದಿಯ ದಂಡೆಯ ಊರು. ಹಾಲೈನ್ ಎಂಬಲ್ಲಿನ ಗಣಿಗಳ ಉಪ್ಪನ್ನು ದೋಣಿಗಳಲ್ಲಿ ಸಾಗಿಸುವುದೇ ಅಲ್ಲಿನ ಜನರ ಕಸುಬಾಗಿತ್ತು. ದೋಣಿಗಾರರ ಪಾಲಕ ಸಂತರೆಂದು ಸಂತ ನಿಕೋಲಸರಿಗೆ ಆ ದೇವಾಲಯವನ್ನು ಅರ್ಪಿಸಲಾಗಿತ್ತು. ಚಳಿಗಾಲದಲ್ಲಿ ದೋಣಿ ನಡೆಯದು, ಕೂಲಿ ಸಿಗದು. 1816ರ ಒಡಂಬಡಿಕೆಯಿಂದ ನದಿಯೇ ಎರಡು ದೇಶಗಳ ಗಡಿಯಾಯಿತು. ಆಚೆದಡದ ಲಾಫೆನ್ ಪಟ್ಟಣ ಬವೇರಿಯಾಕ್ಕೆ ಹೋಯಿತು. ಅದರ ಹೊರಕೇರಿಯಂತಿದ್ದ ಒಬರ್ನ್‌ಡಾರ್ಫ್ ತಾಯಿಯಿಂದ ಅಗಲಿದ ಮಗುವಿನಂತೆ ಆಸ್ಟ್ರಿಯಾದ ಪಾಲಾಗಿ, ಹೊಸ ಧರ್ಮಕೇಂದ್ರವಾಗಿ ಉಳಿಯಿತು. ಇಂತಹ ಕಳೆಗುಂದಿದ ಜನರ ನಡುವೆ ಮೋರ್ ಅವರು ಸೇವೆಗೆ ಬಂದರು.

ಅಲ್ಲಿ ಅವರಿಗೆ ಒಬ್ಬ ಆಪ್ತಮಿತ್ರರು ದೊರೆತರು. ಅವರೇ ಫ್ರಾನ್ಸ್ ಕ್ಸಾವೆರ್ ಗ್ರೂಬರ್. 1787ರ ನವೆಂಬರ್ 25ರಂದು ಬಟ್ಟೆ ನೇಯುವವರ ಮನೆಯಲ್ಲಿ ಹುಟ್ಟಿದ ಗ್ರೂಬರ್ ಅವರನ್ನು ಮಗ್ಗಕ್ಕೇ ಕೂರಿಸಬೇಕೆಂದು ತಂದೆಯ ಹಂಬಲ. ಆದರೆ ಬಾಲಕನು ಊರಿನ ಉಪಾಧ್ಯಾಯರಿಂದ ಸಂಗೀತ ಕಲಿತು ತಾನೂ ಉಪಾಧ್ಯಾಯನಾದನು. 1807ರಿಂದ ಅವರು ಸಮೀಪದ ಆರ್ನ್ಸ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಶಾಲೆ ನಡೆಸುತ್ತ, ಅಲ್ಲಿನ ದೇವಾಲಯದ ಕೆಲಸವನ್ನೂ ನೋಡಿಕೊಳ್ಳುತ್ತ, 1816ರಿಂದ ಒಬರ್ನ್‌ಡಾರ್ಫಿಗೂ ಬಂದು ಆರ್ಗನ್ ನುಡಿಸುತ್ತಿದ್ದರು. ಅಕ್ಷರ ಕಲಿಸುವ ಕೈಯೇ ಸಂಜೆಯಾದರೆ ದೇವಾಲಯದಲ್ಲಿ ರಾಗ ನುಡಿಸುತ್ತಿತ್ತು. ಇದು ಆ ಕಾಲದ ಹಳ್ಳಿಗಳ ರೂಢಿ. ಉಪದೇಶಿಗಳೇ ಶಾಲಾ ಮೇಷ್ಟರೂ ಗಾಯನವೃಂದದ ನಾಯಕರೂ ಆಗಿದ್ದ ನಮ್ಮ ಹಳೆಯ ಧರ್ಮಕೇಂದ್ರಗಳನ್ನು ಬಲ್ಲವರಿಗೆ ಇದು ಹೊಸತಲ್ಲ.

ಆರಾಧನೆಯಲ್ಲಿ ಹಾಡಿನ ಸ್ಥಾನ

ಮುಂದಿನ ಘಟನೆಯನ್ನು ಅರಿಯಬೇಕಾದರೆ ಅಂದಿನ ಕ್ರಿಸ್ತಜಯಂತಿಯ ಆರಾಧನೆ ಹೇಗಿತ್ತೆಂಬುದನ್ನು ಸ್ವಲ್ಪ ತಿಳಿಯಬೇಕು. ಕ್ರಿಸ್ತಜಯಂತಿಗೆ ಮೊದಲಿನ ಆಗಮನ ಕಾಲ ನಿರೀಕ್ಷೆಯ ಕಾಲ. ಆ ದಿನಗಳ ಭಾನುವಾರದ ಬಲಿಪೂಜೆಗಳಲ್ಲಿ ಗ್ಲೋರಿಯಾ ಎಂಬ ಮಹಿಮಾಗೀತೆಯನ್ನು ಹಾಡುವಂತಿಲ್ಲ. ಆರ್ಗನ್ ವಾದ್ಯವೂ ತನ್ನ ವೈಭವವನ್ನು ಅಡಗಿಸಿಕೊಳ್ಳಬೇಕು. ಹೀಗೆ ವಾರಗಟ್ಟಲೆ ಮೌನವಹಿಸಿದ ದೇವಾಲಯದಲ್ಲಿ ನಡುರಾತ್ರಿಯ ಪೂಜೆಯಂದು ಗಂಟೆಗಳ ನಾದದೊಡನೆ ಆ ಮಹಿಮಾಗೀತೆ ಮರಳಿ ಮೊಳಗುತ್ತದೆ. ಬೆತ್ಲೆಹೇಮಿನ ಬಯಲಿನಲ್ಲಿ ದೇವದೂತರು ಕುರುಬರಿಗೆ ಕೇಳಿಸಿದ ಸ್ತುತಿಯೇ ಅದರ ಆರಂಭ. ಎಂದರೆ ಕ್ರಿಸ್ತಜಯಂತಿಯಲ್ಲಿ ಸಂಗೀತವು ಹಬ್ಬದ ಶೃಂಗಾರವಲ್ಲ. ಶುಭವಾರ್ತೆಯನ್ನು ಸಾರುವ ಬಾಯಿಯೇ ಅದು. ಸಂತ ಫ್ರಾನ್ಸಿಸ್ ಅಸ್ಸಿಸಿಯವರು 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಗೋದಲಿಯನ್ನು ಅಣಿಗೊಳಿಸಿ ಹಳ್ಳಿಗರನ್ನು ಅದರ ಸುತ್ತ ನೆರೆಯಿಸಿದಾಗಲೂ ಹಾಡು ಅಲ್ಲಿತ್ತು.

ಆದರೆ ಬಲಿಪೂಜೆಯ ಭಾಷೆ ಲತೀನ್. ಅದರ ಘನವಾದ ಸಂಗೀತ ಬಲ್ಲವರ ಪಾಲಿನದು. ಸಾಮಾನ್ಯ ಜನರು ಜಪಸರ ಹಿಡಿದು ಮೌನವಾಗಿ ಪಾಲ್ಗೊಳ್ಳುತ್ತಿದ್ದರು. ಸಾಲ್ಜ್‌ಬರ್ಗಿನ ಮಹಾಧರ್ಮಾಧ್ಯಕ್ಷರಾಗಿದ್ದ ಕೊಲೊರೆಡೊ ಅವರು 1782ರ ತಮ್ಮ ಪತ್ರದಲ್ಲಿ ಜನರು ತಮ್ಮ ಮಾತೃಭಾಷೆಯಾದ ಜರ್ಮನ್‌ನಲ್ಲಿ ದೇವಾಲಯದಲ್ಲಿ ಹಾಡಬೇಕೆಂದು ಪ್ರೋತ್ಸಾಹ ಕೊಟ್ಟಿದ್ದರು. ಆ ಬೀಜ ಬಿದ್ದ ನೆಲದಲ್ಲಿಯೇ ಮೋರ್ ಬೆಳೆದಿದ್ದರು. ಹೊಳೆಯ ದೋಣಿಗಾರನೂ ಅವನ ಹೆಂಡತಿಮಕ್ಕಳೂ ತಮ್ಮ ನುಡಿಯಲ್ಲಿಯೇ ಬಾಲಯೇಸುವನ್ನು ಲಾಲಿಸಬೇಕೆಂಬುದು ಈ ಹಿನ್ನೆಲೆಯಲ್ಲಿ ಸಹಜವಾಗಿಯೇ ಮೂಡುವ ಬಯಕೆ.

1818ರ ಡಿಸೆಂಬರ್ 24

ಆ ದಿನ ಮೋರ್ ಅವರು ತಮ್ಮ ಕವಿತೆಯನ್ನು ಗ್ರೂಬರ್ ಅವರ ಕೈಗೆ ಕೊಟ್ಟು, ಅದಕ್ಕೆ ಎರಡು ಕಂಠಗಳಿಗೂ ಗಾಯನವೃಂದಕ್ಕೂ ಗಿಟಾರಿಗೂ ಹೊಂದುವಂತೆ ರಾಗ ಕಟ್ಟಿಕೊಡಬೇಕೆಂದು ಕೇಳಿಕೊಂಡರು. ಅದೇ ಸಂಜೆ ಗ್ರೂಬರ್ ರಾಗವನ್ನು ಸಿದ್ಧಪಡಿಸಿ ತಂದರು. ಆ ಪವಿತ್ರ ರಾತ್ರಿ ಸಂತ ನಿಕೋಲಸರ ದೇವಾಲಯದಲ್ಲಿ ಗುರುಗಳು ಗಿಟಾರ್ ನುಡಿಸುತ್ತ ಮೇಲಿನ ಸ್ವರದಲ್ಲಿ ಹಾಡಿದರು. ಉಪಾಧ್ಯಾಯರು ಕೆಳಸ್ವರದಲ್ಲಿ ಜೊತೆಗೂಡಿದರು. ಪ್ರತಿ ಚರಣದ ಕೊನೆಯ ಸಾಲುಗಳನ್ನು ಗಾಯನವೃಂದವು ಮರಳಿ ಹಾಡಿತು. ತೊಟ್ಟಿಲು ತೂಗುವ ಲಯದ ಆ ಹಾಡನ್ನು ನೆರೆದವರೆಲ್ಲರೂ ಮೆಚ್ಚಿಕೊಂಡರೆಂದು ಗ್ರೂಬರ್ ಅವರೇ ಮುಂದೆ ಬರೆದಿಟ್ಟಿದ್ದಾರೆ.

ಆರ್ಗನ್ ಬಿಟ್ಟು ಗಿಟಾರನ್ನೇಕೆ ಕೈಗೆತ್ತಿಕೊಂಡರು? ಇಲಿಗಳು ಆರ್ಗನ್ನಿನ ತಿದಿಯನ್ನು ಕಡಿದುಹಾಕಿದ್ದವೆಂಬ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳಿದ್ದೇವೆ. ಕಥೆ ಸೊಗಸಾಗಿದೆ, ಆದರೆ ಅದು ನಂತರದವರ ಕಲ್ಪನೆ. ಗ್ರೂಬರ್ ಅವರ ಬರಹದಲ್ಲಿ ಇಲಿಯೂ ಇಲ್ಲ, ಕೆಟ್ಟುಹೋದ ವಾದ್ಯದ ಮಾತೂ ಇಲ್ಲ. ನಮಗೆ ಖಚಿತವಾಗಿ ತಿಳಿದಿರುವುದಿಷ್ಟೆ: ಗಿಟಾರ್ ಅಂದು ಹೆಂಡದಂಗಡಿಯ, ಬೀದಿಯ, ಬಡವರ ಮನೆಯ ವಾದ್ಯವಾಗಿತ್ತು, ದೇವಾಲಯದಲ್ಲಿ ಅದಕ್ಕೆ ಮನ್ನಣೆಯಿರಲಿಲ್ಲ. ಸಮಾಜದ ಅಂಚಿನಲ್ಲಿ ಹುಟ್ಟಿ ವಿನಾಯಿತಿ ಪಡೆದು ಪೀಠದ ಬಳಿಗೆ ಬಂದ ಗುರುವು ಅಂತಹದೇ ಒಂದು ವಾದ್ಯವನ್ನು ಆ ರಾತ್ರಿ ಬಾಲಯೇಸುವಿನ ಬಳಿಗೆ ಕರೆತಂದರು. ಅರಸರು ಚಿನ್ನ, ಧೂಪ, ರಸಗಂಧಗಳನ್ನು ತರುವ ಮೊದಲೇ ಕುರುಬರು ತಮ್ಮ ಬರಿಗೈಯಲ್ಲಿ ಬಂದಿದ್ದರಲ್ಲವೇ?

ಆ ರಾತ್ರಿ ಅಲ್ಲಿದ್ದ ಯಾರಿಗೂ ಒಂದು ಮಹತ್ಕಾರ್ಯ ನಡೆಯಿತೆಂಬ ಅರಿವಿರಲಿಲ್ಲ. ದೋಣಿಗಾರರು ಮನೆಗೆ ಹೋದರು. ಗ್ರೂಬರ್ ತಮ್ಮ ಹಳ್ಳಿಗೆ ನಡೆದರು. ಹಬ್ಬವೊಂದರ ಅಗತ್ಯಕ್ಕಾಗಿ ಹುಟ್ಟಿದ ಹಾಡು ಆ ಹಬ್ಬದ ಸೇವೆಯನ್ನು ಮುಗಿಸಿತ್ತು.

ಹಾಡು ನಡೆದ ದಾರಿ

ಮೋರ್ ಅವರ ಒಬರ್ನ್‌ಡಾರ್ಫಿನ ಸೇವೆ ಹೆಚ್ಚುಕಾಲ ನಡೆಯಲಿಲ್ಲ. ಅವರು ದೋಣಿಗಾರರೊಡನೆ ಬೆರೆತು ಕೂರುವುದು, ಹಾಡುವುದು ಗುರುಗಳ ಗಾಂಭೀರ್ಯಕ್ಕೆ ತಕ್ಕುದಲ್ಲವೆಂದು ಮೇಲಿನವರಿಗೆ ದೂರು ಹೋಯಿತು. 1819ರಲ್ಲಿ ಅವರು ಆ ಊರನ್ನು ಬಿಟ್ಟು ಹೊರಡಬೇಕಾಯಿತು. ಗುರುಗಳು ಒಂದು ದಾರಿ ಹಿಡಿದರು. ಹಾಡು ಇನ್ನೊಂದು ದಾರಿ ಹಿಡಿಯಿತು.

ತಿರೋಲ್ ಸೀಮೆಯ ಜಿಲ್ಲರ್ ಕಣಿವೆಯವರಾದ ಆರ್ಗನ್ ತಯಾರಕ ಕಾರ್ಲ್ ಮೌರಾಖರ್ ಅವರು ಒಬರ್ನ್‌ಡಾರ್ಫಿನ ದೇವಾಲಯಕ್ಕೆ ಕೆಲಸದ ನಿಮಿತ್ತ ಬಂದವರು. ಅವರ ಮೂಲಕ ಹಾಡು ಆ ಕಣಿವೆಯನ್ನು ಸೇರಿತೆಂಬುದು ತಲತಲಾಂತರದಿಂದ ಬಂದ ಮಾತು. ಆ ಕಣಿವೆಯ ಜನ ವ್ಯಾಪಾರಕ್ಕಾಗಿ ಊರೂರು ಸುತ್ತುವವರು, ಹೋದಲ್ಲೆಲ್ಲ ಹಾಡುವವರು. ಕೈಗವಸು ಮಾರುತ್ತಿದ್ದ ಸ್ಟ್ರಾಸರ್ ಮನೆತನದವರು 1832ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ಸಭೆಯಲ್ಲಿ ಇದನ್ನು ಹಾಡಿದರು. ಸ್ವಲ್ಪ ಕಾಲದಲ್ಲಿಯೇ ಡ್ರೆಸ್ಡೆನ್ ನಗರದಲ್ಲಿ ಅದು ಅಚ್ಚಾಯಿತು. ಆದರೆ ತಿರೋಲಿನ ಜನಪದ ಗೀತೆಯೆಂದು ಅಚ್ಚಾಯಿತೇ ಹೊರತು ಬರೆದವರ ಹೆಸರೂ ಇರಲಿಲ್ಲ, ರಾಗ ಕಟ್ಟಿದವರ ಹೆಸರೂ ಇರಲಿಲ್ಲ. ಅದೇ ಕಣಿವೆಯ ರೈನರ್ ಮನೆತನದವರು 1839ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಹಾಡಿ ಅದನ್ನು ಸಾಗರದಾಚೆಗೆ ಮುಟ್ಟಿಸಿದರು. 1859ರಲ್ಲಿ ಜಾನ್ ಫ್ರೀಮನ್ ಯಂಗ್ ಎಂಬ ಅಮೆರಿಕದ ಪಾದ್ರಿಗಳು ಇಂದು ಪ್ರಚಲಿತವಾಗಿರುವ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು.

ಇದನ್ನು ರಚಿಸಿದವರಾರೆಂದು ವಿಚಾರಿಸಿದ್ದು ಬರ್ಲಿನ್ನಿನ ರಾಜಸಂಗೀತ ಮಂಡಲಿ, 1854ರಲ್ಲಿ. ಇಷ್ಟು ಸೊಗಸಾದ ಗೀತೆ ಸಾಲ್ಜ್‌ಬರ್ಗಿನ ಪ್ರಖ್ಯಾತ ಸಂಗೀತಗಾರ ಮಿಖಾಯೆಲ್ ಹೈಡನ್ ಅವರದೇ ಇರಬೇಕೆಂದು ಭಾವಿಸಿ ಅವರು ಸಾಲ್ಜ್‌ಬರ್ಗಿನ ಸಂತ ಪೇತ್ರರ ಮಠಕ್ಕೆ ಬರೆದು ಕೇಳಿದರು. ದೈವಯೋಗದಿಂದ ಗ್ರೂಬರ್ ಅವರ ಮಗ ಅಲ್ಲಿಯೇ ಗಾಯಕ ಬಾಲಕನಾಗಿದ್ದನು. ಅವನ ಮೂಲಕ ವಿಷಯ ಹಾಲೈನಿನಲ್ಲಿ ದೇವಾಲಯದ ಸಂಗೀತ ನಿರ್ದೇಶಕರಾಗಿದ್ದ ತಂದೆಯನ್ನು ಮುಟ್ಟಿತು. ವೃದ್ಧರಾಗಿದ್ದ ಗ್ರೂಬರ್ ಅದೇ ವರ್ಷದ ಡಿಸೆಂಬರ್ 30ರಂದು ನಡೆದ ಸಂಗತಿಯನ್ನು ನೇರವಾಗಿ, ಆಡಂಬರವಿಲ್ಲದೆ ಬರೆದು, ಪದಗಳು ಮೋರ್ ಅವರವು, ರಾಗ ತಮ್ಮದು ಎಂದು ತಿಳಿಸಿದರು. ತಮ್ಮ ಸ್ನೇಹಿತರ ಪಾಲನ್ನು ಅವರು ಮರೆಯಲಿಲ್ಲ. ಆದರೆ ಆ ಸ್ನೇಹಿತರು ಅದನ್ನು ಕೇಳಲು ಆಗ ಬದುಕಿರಲಿಲ್ಲ. ಗ್ರೂಬರ್ ಅವರು 1863ರ ಜೂನ್ 7ರಂದು ದೈವಾಧೀನರಾದರು.

ಬಡವರ ಗುರುಗಳು

ಒಬರ್ನ್‌ಡಾರ್ಫನ್ನು ಬಿಟ್ಟ ಮೇಲೆ ಮೋರ್ ಅವರ ಜೀವನ ಒಂದು ನಿಲ್ಲದ ಪ್ರಯಾಣವಾಯಿತು. ಸಾಲ್ಜ್‌ಬರ್ಗ್ ಸೀಮೆಯ ಕುಖ್ಲ್, ಗೊಲ್ಲಿಂಗ್, ಆಂಥರಿಂಗ್, ಕೊಪ್ಲ್, ಹೋಫ್ ಮೊದಲಾದ ಎಷ್ಟೋ ಊರುಗಳಲ್ಲಿ ಅವರು ಸೇವೆ ಸಲ್ಲಿಸಿದರು. ಎಲ್ಲಿ ಗುರುಗಳ ಕೊರತೆಯೋ ಅಲ್ಲಿಗೆ ಮೋರ್. ಬಳಿಕ ಹಿಂಟರ್‌ಸೇ ಎಂಬ ಕಾಡಿನ ಹಳ್ಳಿಯಲ್ಲಿ ಸುಮಾರು ಹತ್ತು ವರ್ಷ ಇದ್ದು, 1837ರಲ್ಲಿ ವಾಗ್ರೈನ್ ಎಂಬ ಬೆಟ್ಟದೂರಿನ ವಿಚಾರಣಾ ಗುರುಗಳಾಗಿ ಬಂದರು. ಅಲ್ಲಿಯೇ ಅವರ ಕೊನೆಯ 11 ವರ್ಷಗಳು ಕಳೆದವು.

ವಾಗ್ರೈನಿನ ಜನ ಇಂದಿಗೂ ಅವರನ್ನು ನೆನೆಯುವುದು ಹಾಡಿಗಾಗಿ ಮಾತ್ರವಲ್ಲ. ಅವರು ಅಲ್ಲಿನ ಮಕ್ಕಳಿಗಾಗಿ ಹೊಸ ಶಾಲೆಯನ್ನು ಕಟ್ಟಿಸಿದರು. ಹಣವಿಲ್ಲದೆ ಮನೆಯಲ್ಲೇ ಉಳಿಯುತ್ತಿದ್ದ ಬಡಮಕ್ಕಳು ಓದಲೆಂದು ಒಂದು ನಿಧಿಯನ್ನು ಏರ್ಪಡಿಸಿದರು. ದಿಕ್ಕಿಲ್ಲದ ಮುದುಕರ ಪೋಷಣೆಗೂ ದುಡಿದರು. ಬಾಲ್ಯದಲ್ಲಿ ಒಬ್ಬ ಗುರುವಿನ ದಯೆಯಿಂದ ತಮಗೆ ದೊರೆತ ವಿದ್ಯೆಯ ಋಣವನ್ನು ಅವರು ಹೀಗೆ ತೀರಿಸಿದರೆಂದು ತೋರುತ್ತದೆ. ಕೈಗೆ ಬಂದದ್ದನ್ನು ಕೈಯಲ್ಲಿ ಉಳಿಸಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

1848ರ ಡಿಸೆಂಬರ್ 4ರಂದು, ಶ್ವಾಸಕೋಶದ ವ್ಯಾಧಿಗೆ ತುತ್ತಾಗಿ ಜೋಸೆಫ್ ಮೋರ್ ಅವರು ವಾಗ್ರೈನಿನಲ್ಲಿ ಕೊನೆಯುಸಿರೆಳೆದರು. ಐವತ್ತಾರು ವರ್ಷ ತುಂಬಲು ಒಂದು ವಾರ ಉಳಿದಿತ್ತು. ಅವರು ಆಸ್ತಿಯೆಂಬುದನ್ನು ಬಿಟ್ಟುಹೋಗಲಿಲ್ಲ. ತಾವು ಬರೆದ ಹಾಡು ಎಷ್ಟು ದೂರ ನಡೆದಿತ್ತೆಂಬುದು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ, ಅದರಿಂದ ಕೀರ್ತಿಯನ್ನಾಗಲಿ ಹಣವನ್ನಾಗಲಿ ಅವರು ಪಡೆಯಲಿಲ್ಲ. ಬದುಕಿದ್ದಾಗ ಅವರ ಚಿತ್ರವನ್ನು ಬರೆದವರೂ ಇಲ್ಲ. ಆದ್ದರಿಂದಲೇ 1912ರಲ್ಲಿ, ಅವರ ಸ್ಮಾರಕಕ್ಕಾಗಿ ಮುಖಲಕ್ಷಣ ತಿಳಿಯಬೇಕೆಂದು ಸಮಾಧಿಯನ್ನು ತೆರೆದು ತಲೆಬುರುಡೆಯನ್ನು ಹೊರತೆಗೆಯಬೇಕಾಯಿತು.

ಉಳಿದದ್ದೇನು?

ಸಾಲ್ಜಾಖ್ ನದಿಯ ಪ್ರವಾಹಗಳಿಂದ ಹಾಳಾದ ಹಳೆಯ ಒಬರ್ನ್‌ಡಾರ್ಫನ್ನು ಜನರು ಬಿಟ್ಟು ಎತ್ತರದ ಜಾಗಕ್ಕೆ ಹೋದರು. ಸಂತ ನಿಕೋಲಸರ ಹಳೆಯ ದೇವಾಲಯವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಡವಲಾಯಿತು. ಆ ಸ್ಥಳದಲ್ಲಿ ಚಿಕ್ಕದೊಂದು ಪ್ರಾರ್ಥನಾಲಯವನ್ನು ಕಟ್ಟಿ 1937ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಂದು, ಪ್ರತಿಷ್ಠಾಪಿಸಲಾಯಿತು. ಮೋರ್ ಅವರ ತಲೆಬುರುಡೆ ಅದರ ಗೋಡೆಯಲ್ಲಿಯೇ ಇದೆ. ಅವರು ನುಡಿಸಿದ ಗಿಟಾರ್ ಹಾಲೈನಿನಲ್ಲಿ ಗ್ರೂಬರ್ ಅವರ ಮನೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿದೆ. ಮೋರ್ ಅವರ ಸ್ವಹಸ್ತದ ಪ್ರತಿಯೊಂದು 1995ರಲ್ಲಿ ಬೆಳಕಿಗೆ ಬಂದು, ಪದಗಳನ್ನು 1816ರಲ್ಲಿಯೇ ಬರೆದಿದ್ದರೆಂಬುದು ಅದರಿಂದ ತಿಳಿಯಿತು. ಅದಕ್ಕೆ ಮೊದಲು ಒಂದೇ ದಿನ ಪದವೂ ರಾಗವೂ ಹುಟ್ಟಿದವೆಂದೇ ಜನ ನಂಬಿದ್ದರು.

ಈ ಹಾಡಿಗೆ ಒದಗಿದ ಪರೀಕ್ಷೆಗಳಲ್ಲಿ ಒಂದನ್ನು ಹೇಳದೆ ಇರಲಾಗದು. ಮೊದಲ ಮಹಾಯುದ್ಧದ ಮೊದಲ ವರ್ಷವಾದ 1914ರ ಕ್ರಿಸ್ತಜಯಂತಿಯ ರಾತ್ರಿ, ಫ್ಲಾಂಡರ್ಸ್ ಪ್ರದೇಶದ ರಣರಂಗದಲ್ಲಿ ಎದುರುಬದುರಿನ ಕಂದಕಗಳಲ್ಲಿದ್ದ ಜರ್ಮನ್ ಮತ್ತು ಬ್ರಿಟಿಷ್ ಯೋಧರು ಕೋವಿಗಳನ್ನು ಕೆಳಗಿಟ್ಟು ತಮ್ಮ ತಮ್ಮ ಭಾಷೆಯಲ್ಲಿ ಕ್ರಿಸ್ತಜಯಂತಿಯ ಹಾಡುಗಳನ್ನು ಹಾಡಿದರು. ಆ ಹಾಡುಗಳಲ್ಲಿ ಇದೂ ಒಂದು. ಯುದ್ಧ ಅಷ್ಟಕ್ಕೆ ನಿಲ್ಲಲಿಲ್ಲವೆಂಬುದು ದುಃಖದ ಸಂಗತಿ. ಆದರೂ ಜನಾಂಗಗಳನ್ನು ಅಪ್ಪಿಕೊಳ್ಳುವ ಬಾಲಯೇಸುವನ್ನು 1816ರಲ್ಲಿ ಕಂಡಿದ್ದ ಬಡಗುರುವಿನ ಕನಸು ಒಂದು ರಾತ್ರಿಯ ಮಟ್ಟಿಗಾದರೂ ನೆಲಕ್ಕಿಳಿದಿತ್ತು.

ಇನ್ನೊಂದು ಸಂಗತಿ ನಮಗೆ ಇನ್ನೂ ಹತ್ತಿರದ್ದು. ಮೋರ್ ಅವರು ತೀರಿಕೊಂಡ ಡಿಸೆಂಬರ್ 4ರಂದೇ, ಸರಿಯಾಗಿ 115 ವರ್ಷಗಳ ನಂತರ, 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪವಿತ್ರ ಆರಾಧನಾ ವಿಧಿಯನ್ನು ಕುರಿತ ತನ್ನ ಶಾಸನವನ್ನು ಹೊರಡಿಸಿತು. ಜನರ ಮಾತೃಭಾಷೆಗೆ ಬಲಿಪೂಜೆಯಲ್ಲಿ ಎಡೆಮಾಡಿಕೊಟ್ಟಿದ್ದು, ಆರ್ಗನ್ ವಾದ್ಯಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುತ್ತಲೇ ಪವಿತ್ರ ಉಪಯೋಗಕ್ಕೆ ಹೊಂದುವ ಇತರ ವಾದ್ಯಗಳಿಗೂ ಅವಕಾಶವಿತ್ತಿದ್ದು, ವಿಶ್ವಾಸಿಗಳೆಲ್ಲರೂ ಹಾಡಿನಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ಕರೆಕೊಟ್ಟಿದ್ದು ಆ ಶಾಸನವೇ. ಅದರ ಫಲವಾಗಿಯೇ ನಮ್ಮ ಬಲಿಪೂಜೆ ಕನ್ನಡದಲ್ಲಿ ನಡೆಯುತ್ತಿದೆ. ತಬಲ, ಹಾರ್ಮೋನಿಯಂಗಳು ಪೀಠದ ಸಮೀಪ ಬಂದಿವೆ. ಒಬರ್ನ್‌ಡಾರ್ಫಿನಲ್ಲಿ ಒಂದು ರಾತ್ರಿ ಸದ್ದಿಲ್ಲದೆ ನಡೆದದ್ದಕ್ಕೆ ಧರ್ಮಸಭೆ ಹೀಗೆ ಲೋಕದ ಎಲ್ಲೆಡೆಯೂ ಬಾಗಿಲು ತೆರೆಯಿತು.

ಪ್ರಿಯ ಭಕ್ತಜನರೇ, ಈ ಜೀವನದಿಂದ ನಾವು ಕಲಿಯಬೇಕಾದುದೇನು? ಹಬ್ಬದ ಸಂಗೀತದ ಹಿರಿಮೆ ವಾದ್ಯದ ಬೆಲೆಯಲ್ಲಿಲ್ಲ, ಧ್ವನಿವರ್ಧಕದ ಅಬ್ಬರದಲ್ಲಿಲ್ಲ. ನೆರೆದವರ ಹೃದಯ ಗೋದಲಿಯ ಕಡೆಗೆ ತಿರುಗಿತೇ, ಅವರ ಬಾಯಿ ತೆರೆಯಿತೇ ಎಂಬುದರಲ್ಲಿದೆ. ಹಾಡುವವರು ಕೆಲವರಾಗಿ ಕೇಳುವವರು ಹಲವರಾದರೆ ಅದು ಕಚೇರಿಯಾದೀತು, ಆರಾಧನೆಯಾಗದು. ಆ ರಾತ್ರಿ ಇಬ್ಬರು ಹಾಡಿದರೂ ಪ್ರತಿ ಚರಣದ ಕೊನೆಯನ್ನು ವೃಂದದ ಬಾಯಿಗೆ ಬಿಟ್ಟುಕೊಟ್ಟಿದ್ದರೆಂಬುದನ್ನು ನಮ್ಮ ಗಾಯಕರು ಮನಸ್ಸಿನಲ್ಲಿಡಬೇಕು. ನಮ್ಮ ಗಾಯನವೃಂದದ ಮೂಲೆಯಲ್ಲಿ ಹಿಂಜರಿದು ನಿಂತಿರುವ ಬಡಮಗುವಿನ ಕಂಠದಲ್ಲಿ ದೇವರು ಏನನ್ನು ಇಟ್ಟಿದ್ದಾನೋ ಬಲ್ಲವರಾರು? ಅಂದು ಹೀರ್ನ್ಲೆ ಗುರುಗಳು ಒಂದು ಮಗುವಿನ ತಂದೆಯಾರೆಂದು ಕೇಳದೆ ಕಂಠವನ್ನು ಕೇಳಿದ್ದರಿಂದಲ್ಲವೇ ಜಗತ್ತಿಗೆ ಈ ಹಾಡು ದೊರೆತದ್ದು?

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಬೆವರು ಸುರಿಸಿ ಕಟ್ಟಿದ ದೇವಾಲಯವನ್ನು ನಾವು ಕೃತಜ್ಞತೆಯಿಂದ ಕಾಪಾಡಿಕೊಳ್ಳೋಣ. ಅದರ ಗೋಡೆಗಳ ಒಳಗೆ ನಿತ್ಯ ಏಳುವ ಪ್ರಾರ್ಥನೆಯನ್ನೂ ಹಾಡನ್ನೂ ಅದಕ್ಕಿಂತ ಹೆಚ್ಚಾಗಿ ಕಾಪಾಡಿಕೊಳ್ಳೋಣ. ಒಬರ್ನ್‌ಡಾರ್ಫಿನ ಹೊಸ ದೇವಾಲಯದ ಬಳಿಯಲ್ಲಿ ಒಂದು ಸ್ಮಾರಕವಿದೆ. ಅದರಲ್ಲಿ ಗ್ರೂಬರ್ ಗಿಟಾರ್ ನುಡಿಸುತ್ತಿದ್ದಾರೆ. ಮೋರ್ ಅವರು ಸ್ವರ್ಗದ ಕಿಟಕಿಯಿಂದ ಬಾಗಿ, ಕಿವಿಗೆ ಕೈಯಿಟ್ಟು, ಭೂಲೋಕದ ಹಾಡನ್ನು ಆಲಿಸುತ್ತಿದ್ದಾರೆ. ಬರುವ ಕ್ರಿಸ್ತಜಯಂತಿಯ ನಡುರಾತ್ರಿ ನಮ್ಮ ದೇವಾಲಯದಲ್ಲಿ ಆ ಜೋಗುಳ ಏಳುವಾಗ ಆ ಬಡಗುರುವಿನ ಆತ್ಮಶಾಂತಿಗಾಗಿ ಮನದಲ್ಲೇ ಒಂದು ಪ್ರಾರ್ಥನೆ ಸಲ್ಲಿಸಿ, ನಾವೂ ಬಾಯ್ತುಂಬ ಹಾಡೋಣ. ಅವರು ಆಲಿಸಲಿ, ಗೋದಲಿಯಲ್ಲಿ ಮಲಗಿರುವ ಬಾಲಯೇಸು ನಮ್ಮೆಲ್ಲರನ್ನೂ ಹರಸಲಿ.